ಮೂರು ಟೆಸ್ಟ್, ಎರಡು ವಾರ: ರಗ್ಬಿ ಲೀಗ್ ಆ್ಯಷಸ್ ನೋಡಲು ಹೋಗುವವರಿಗೆ

ಲಿವರ್‌ಪೂಲ್‌ನಲ್ಲಿ ನವೆಂಬರ್ 1ರ ಬೆಳಿಗ್ಗೆ ಬ್ಯಾಗ್ ತೆಗೆದು, ಹಳದಿ-ಕೆಂಪು ಶಲ್ಯ ಹೆಗಲಿಗೆ ಹಾಕಿಕೊಂಡೆ. ರಾಜ್ಯೋತ್ಸವದ ದಿನವೇ ಇಂಗ್ಲೆಂಡ್-ಆಸ್ಟ್ರೇಲಿಯಾ ಎರಡನೇ ಟೆಸ್ಟ್ ಬಂದಿತ್ತು, ಬಿಡೋಕಾಗತ್ತಾ? ಸ್ಟೇಡಿಯಂ ಹತ್ತಿರ ಇಂಗ್ಲೆಂಡ್ ಜೆರ್ಸಿ ಹಾಕಿದ್ದ ಅಜ್ಜರೊಬ್ಬರು ನನ್ನನ್ನು ನಿಲ್ಲಿಸಿ, "ಪರ್ಪಿನ್ಯಾನಿಂದ ಬಂದ್ರಾ?" ಅಂತ ಕೇಳಿದರು. ತಲೆ ಬುಡ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು, ಫ್ರಾನ್ಸ್‌ನ ಪರ್ಪಿನ್ಯಾನ್ ಊರಿನ ಕ್ಯಾಟಲನ್ಸ್ ಡ್ರ್ಯಾಗನ್ಸ್ ತಂಡ ಇಂಗ್ಲೆಂಡಿನ ಸೂಪರ್ ಲೀಗ್‌ನಲ್ಲಿ ಆಡುತ್ತದೆ, ಅವರ ಬಣ್ಣವೂ ಇದೇ. ನಾನು ಅವರಿಗೆ ಕರ್ನಾಟಕದ ಬಗ್ಗೆ ಹೇಳಿದೆ, ಅವರು ನನಗೆ ಪರ್ಪಿನ್ಯಾನ್ ಪ್ರವಾಸದ ಕಥೆ ಹೇಳಿದರು. ಆಟ ಶುರುವಾಗುವ ಮೊದಲೇ ಅರ್ಧ ಗಂಟೆ ಕಳೆದಿತ್ತು.

ತಂಡದ ಟೂರ್ ಹಿಂದೆ ಹೋಗುವುದು ಅಂದರೆ ಹೆಚ್ಚು ಕಡಿಮೆ ಇದೇ. 80 ನಿಮಿಷದ ಆಟ ಟಿವಿಯಲ್ಲೇ ಚೆನ್ನಾಗಿ ಕಾಣುತ್ತದೆ. ಹಣ ಸುರಿದು ಹೋಗುವುದು ಒಂದು ಟೆಸ್ಟ್‌ಗೂ ಇನ್ನೊಂದಕ್ಕೂ ನಡುವಿನ ಆರು ದಿನಗಳಿಗೆ. ಪ್ಲಾನ್ ಮಾಡುವಾಗ ಆ ಆರು ದಿನಗಳನ್ನೇ ಎಲ್ಲರೂ ಮರೆಯುತ್ತಾರೆ. ನಾನೂ ಮರೆತಿದ್ದೆ.

ನಾವು ಇರುವುದು ಸಿಡ್ನಿಯ ಪಶ್ಚಿಮಕ್ಕೆ, ವೆಸ್ಟ್‌ಮೀಡ್‌ನಲ್ಲಿ. ಇಲ್ಲಿ ರಗ್ಬಿ ಲೀಗ್ ಗೊತ್ತಿಲ್ಲ ಅಂದರೆ ಆಫೀಸಿನಲ್ಲಿ ಸೋಮವಾರ ಮಾತಾಡಲು ವಿಷಯವೇ ಇರುವುದಿಲ್ಲ. ಊರಲ್ಲಿರುವ ಓದುಗರಿಗೆ ಹೀಗೆ ಹೇಳಬಹುದು: ಒಂದು ತಂಡಕ್ಕೆ 13 ಜನ. ಚೆಂಡು ಹಿಡಿದವನನ್ನು ಎದುರಾಳಿಗಳು ಕಬಡ್ಡಿಯಲ್ಲಿ ಹಿಡಿಯುವ ಹಾಗೆ ಹಿಡಿದು ಕೆಡವುತ್ತಾರೆ. ಅದು ಟ್ಯಾಕಲ್. ಓವರ್‌ಗೆ ಆರು ಬಾಲ್ ಇದ್ದ ಹಾಗೆ ಒಂದು ಸರದಿಗೆ ಆರು ಟ್ಯಾಕಲ್. ಅಷ್ಟರಲ್ಲಿ ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿದರೆ ಟ್ರೈ, 4 ಪಾಯಿಂಟ್. ಇಲ್ಲದಿದ್ದರೆ ಚೆಂಡು ಅವರಿಗೆ. 15 ಜನರ ರಗ್ಬಿ ಯೂನಿಯನ್ ಬೇರೆ ಆಟ. ಇಂಗ್ಲೆಂಡಿನ ಉತ್ತರಕ್ಕೆ ಹೋದಾಗ ಎರಡನ್ನೂ ಒಂದೇ ಅಂತ ಮಾತ್ರ ಅನ್ನಬೇಡಿ.

ನನ್ನನ್ನು ಎಳೆದುಕೊಂಡು ಹೋದವರು ಪಕ್ಕದ ಮನೆಯ ಯಜಮಾನರು. ಬಸ್ ಓಡಿಸಿ ನಿವೃತ್ತರಾದವರು, ಎಪ್ಪತ್ತರ ಹತ್ತಿರ. ಆಸ್ಟ್ರೇಲಿಯಾ ತಂಡ, ಅಂದರೆ ಕಾಂಗರೂಸ್, ಇಂಗ್ಲೆಂಡ್‌ಗೆ ಮೊದಲು ಟೂರ್ ಹೋಗಿದ್ದು 1908-09ರಲ್ಲಿ, ಹಡಗಿನಲ್ಲಿ. 1982ರಲ್ಲಿ ಹೋದವರು ಒಂದೂ ಆಟ ಸೋಲದೆ ಬಂದರು. ಇದನ್ನೆಲ್ಲ ಅವರು ಕಾಂಪೌಂಡ್ ಮೇಲಿಂದ ನನಗೆ ವರ್ಷಗಟ್ಟಲೆ ಹೇಳಿದ್ದಾರೆ. 2003ರ ನಂತರ ಆ್ಯಷಸ್ ಸರಣಿಯೇ ನಡೆದಿರಲಿಲ್ಲ. 22 ವರ್ಷ ಆದಮೇಲೆ, 2025ರ ಅಕ್ಟೋಬರ್-ನವೆಂಬರ್‌ನಲ್ಲಿ ಮೂರು ಟೆಸ್ಟ್ ಅಂತ ಗೊತ್ತಾದ ದಿನ ಗೇಟಿಗೇ ಬಂದು, "ಮೇಟ್, ಈ ಸಲ ಹೋಗಲಿಲ್ಲ ಅಂದ್ರೆ ಇನ್ನು ನಾನು ಹೋಗೋದಿಲ್ಲ" ಅಂದರು. ನನ್ನ ಹೆಂಡತಿ "ಇಬ್ಬರಿಗೂ ಹುಚ್ಚು ಕಣ್ರೀ" ಅಂದಳು. ಹೋಗಬೇಡಿ ಅನ್ನಲಿಲ್ಲ.

ಈಗ ಕೆಲಸದ ಮಾತು. ಮೊದಲು ಮ್ಯಾಚ್ ಟಿಕೆಟ್, ಆಮೇಲೆ ವಿಮಾನ. ಈ ಕ್ರಮ ತಪ್ಪಬೇಡಿ. ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ದೊಡ್ಡದು, ಅಲ್ಲಿ ಸೀಟು ಸಿಗುತ್ತದೆ. ಆದರೆ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ಹಿಡಿಯುವುದೇ ಇಪ್ಪತ್ತು ಸಾವಿರದಷ್ಟು ಜನ. ಟಿಕೆಟ್ ಬಿಟ್ಟ ಸ್ವಲ್ಪ ಹೊತ್ತಿಗೆಲ್ಲ ಖಾಲಿ. ಟೂರ್ ಕಂಪನಿಗಳ ಪ್ಯಾಕೇಜ್‌ನಲ್ಲಿ ಟಿಕೆಟ್, ಹೋಟೆಲ್, ಬಸ್ ಎಲ್ಲ ಸೇರಿರುತ್ತದೆ. ಮೊದಲ ಸಲ ವಿದೇಶಕ್ಕೆ ಹೊರಟ ಹಿರಿಯರಿಗೆ ಅದೇ ವಾಸಿ. ಆದರೆ ದುಬಾರಿ. ಜೊತೆಗೆ ಇಡೀ ದಿನ ನಿಮ್ಮ ಊರಿನವರ ಮುಖವನ್ನೇ ನೋಡಿಕೊಂಡು ಇರಬೇಕು. ನಾವು ಸ್ವಂತವಾಗಿ ಹೋದೆವು.

ವೀಸಾ ವಿಷಯದಲ್ಲಿ ನಮ್ಮಿಬ್ಬರದು ಹಗಲು ರಾತ್ರಿಯ ವ್ಯತ್ಯಾಸ. ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಇರುವವರಿಗೆ ಈಗ ಬ್ರಿಟನ್‌ಗೆ ಇಟಿಎ, ಅಂದರೆ ಆನ್‌ಲೈನ್ ಪ್ರವೇಶ ಅನುಮತಿ, ಬೇಕು. ಯಜಮಾನರು ಸೋಫಾದಲ್ಲಿ ಕೂತು ಫೋನಿನಲ್ಲೇ 16 ಪೌಂಡ್ ಕಟ್ಟಿ ಮುಗಿಸಿದರು. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್. ಆಸ್ಟ್ರೇಲಿಯಾದ ಪಿಆರ್ (ಕಾಯಂ ವಾಸದ ಹಕ್ಕು) ಇದ್ದರೂ ಇದಕ್ಕೆ ಉಪಯೋಗವಿಲ್ಲ, ವಿಸಿಟರ್ ವೀಸಾನೇ ಆಗಬೇಕು. ನಾನು ಕಟ್ಟಿದ್ದು 127 ಪೌಂಡ್. ಮೇಲೆ ಬೆರಳಚ್ಚು, ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜೆ ಪತ್ರ. ಪಿಆರ್ ಇರುವ ನಮ್ಮವರು ಇದನ್ನು ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ.

ರೈಲಿಗೆ ಒಂದು ಒಳ್ಳೇ ಉಪಾಯ ಇದೆ. ಇಬ್ಬರು ಹೋಗುವುದಾದರೆ 'ಟೂ ಟುಗೆದರ್' ರೈಲ್‌ಕಾರ್ಡ್ ಮಾಡಿಸಿ. ವರ್ಷಕ್ಕೆ 35 ಪೌಂಡ್, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಲಂಡನ್-ಲಿವರ್‌ಪೂಲ್ ಒಂದರಲ್ಲೇ ಹೆಚ್ಚುಕಡಿಮೆ ಅಸಲು ಬಂತು. ಎರಡು ಷರತ್ತು: ಇಬ್ಬರೂ ಜೊತೆಗೇ ಇರಬೇಕು, ಮತ್ತು ವಾರದ ದಿನಗಳಲ್ಲಿ ಬೆಳಿಗ್ಗೆ 9:30ಕ್ಕೆ ಮುಂಚೆ ನಡೆಯುವುದಿಲ್ಲ. ಜಗಳವಾಡಿದರೂ ಒಂದೇ ರೈಲು ಹತ್ತಬೇಕು ಅಂತ ಅರ್ಥ. ಭಾನುವಾರ ಊರು ಬದಲಾಯಿಸುವ ಪ್ಲಾನ್ ಮಾತ್ರ ಬೇಡ. ಹಳಿ ದುರಸ್ತಿ ಅಂತ ರೈಲು ನಿಲ್ಲಿಸಿ ಬಸ್ ಹತ್ತಿಸುತ್ತಾರೆ. ನಾವು ಒಂದು ಭಾನುವಾರ ಹಾಗೆ ಸುಮ್ನೆ ಹೊರಟು, ಎರಡು ಗಂಟೆಯ ದಾರಿಗೆ ಐದು ಗಂಟೆ ತೆಗೆದುಕೊಂಡೆವು.

ಮೊದಲ ಟೆಸ್ಟ್ ಅಕ್ಟೋಬರ್ 25, ವೆಂಬ್ಲಿ. ವೆಂಬ್ಲಿ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದರೆ ಎದುರಿಗೇ ಸ್ಟೇಡಿಯಂನ ಕಮಾನು. ನನ್ನ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್. ಎ4 ಹಾಳೆಗಿಂತ ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ ಅಂತ ಟಿಕೆಟ್ ಜೊತೆಯಲ್ಲೇ ಬರೆದಿತ್ತು, ಓದಿರಲಿಲ್ಲ. ಹತ್ತಿರದ ಅಂಗಡಿಯೊಂದರಲ್ಲಿ ಹಣ ಕೊಟ್ಟು ಇಟ್ಟು ಬರುವ ಹೊತ್ತಿಗೆ ರಾಷ್ಟ್ರಗೀತೆ ಮುಗಿದಿತ್ತು. ನೀವು ಬರಿಗೈಯಲ್ಲಿ ಹೋಗಿ. ಸ್ವಲ್ಪ ಬೇಗ ಹೋದರೆ ಹೊರಗೆ ರಗ್ಬಿ ಲೀಗ್‌ನ ಐದು ದಿಗ್ಗಜರ ಪ್ರತಿಮೆ ನೋಡಬಹುದು. ಅದರಲ್ಲಿ ಬಿಲ್ಲಿ ಬಾಸ್ಟನ್ ಇದ್ದಾರೆ. ಕಾರ್ಡಿಫ್‌ನಲ್ಲಿ ಹುಟ್ಟಿದ ಕಪ್ಪು ಹುಡುಗ, ಉತ್ತರ ಇಂಗ್ಲೆಂಡಿನ ವಿಗನ್‌ಗೆ ಬಂದು ಆಡಿ ಆ ಊರಿನ ಮನೆಮಗ ಆದವರು. ಈ ಆಟಕ್ಕೆ ಮೊದಲ ನೈಟ್‌ಹುಡ್, ಅಂದರೆ 'ಸರ್' ಬಿರುದು, ಬಂದಿದ್ದು 2025ರಲ್ಲಿ, ಅವರಿಗೆ. ಆಗ ಅವರಿಗೆ ತೊಂಬತ್ತು ದಾಟಿತ್ತು. ಉತ್ತರದವರು ಇದನ್ನು ಖುಷಿಯಲ್ಲಿ ಹೇಳುತ್ತಾರೋ, ಇಷ್ಟು ತಡವಾಯಿತಲ್ಲ ಅನ್ನುವ ಸಿಟ್ಟಿನಲ್ಲೋ ಅಂತ ಗೊತ್ತಾಗುವುದಿಲ್ಲ. ಎರಡೂ ಇರಬೇಕು.

ಒಳಗೆ ಅರವತ್ತು ಸಾವಿರ ಜನ. ನನಗೆ ಆಶ್ಚರ್ಯ ಆಗಿದ್ದು, ಎರಡು ಕಡೆಯ ಅಭಿಮಾನಿಗಳಿಗೆ ಬೇರೆ ಬೇರೆ ಗ್ಯಾಲರಿ ಇಲ್ಲ. ಇಂಗ್ಲೆಂಡ್‌ನ ಫುಟ್‌ಬಾಲ್‌ನಲ್ಲಿ ಬೇಲಿ ಹಾಕಿದಂತೆ ಬೇರೆ ಕೂರಿಸುತ್ತಾರೆ. ಇಲ್ಲಿ ನಮ್ಮ ಎಡಕ್ಕೆ ಇಂಗ್ಲೆಂಡಿನ ಹಲ್ ಊರಿನಿಂದ ಬಂದ ಅಪ್ಪ-ಮಗಳು, ಹಿಂದಿನ ಸಾಲಲ್ಲಿ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನವರು. ಆಸ್ಟ್ರೇಲಿಯಾದ ರೀಸ್ ವಾಲ್ಶ್ ಎರಡು ಟ್ರೈ ಹೊಡೆದ. 26-6. ಆ ಮಗಳು ತನ್ನ ಚಿಪ್ಸ್ ಪೊಟ್ಟಣವನ್ನು ಯಜಮಾನರ ಕಡೆ ಚಾಚಿ, "ತಗೊಳ್ಳಿ, ಗೆದ್ದಿದ್ದೀರಲ್ಲ" ಅಂದಳು.

ಆಟ ಮುಗಿದ ಕೂಡಲೇ ಸ್ಟೇಷನ್ ಕಡೆ ಓಡಬೇಡಿ, ಆ ಸಾಲು ಕರಗಲು ತುಂಬಾ ಹೊತ್ತು ಬೇಕು. ಇನ್ನೊಂದು ದಿಕ್ಕಿಗೆ ಇಪ್ಪತ್ತೈದು ನಿಮಿಷ ನಡೆದರೆ ಈಲಿಂಗ್ ರೋಡ್. ಗುಜರಾತಿ ಅಂಗಡಿಗಳು, ಸೀರೆ, ತರಕಾರಿ, ಒಳ್ಳೇ ಸಸ್ಯಾಹಾರಿ ಊಟ. ದೀಪಾವಳಿ ಮುಗಿದು ನಾಲ್ಕೇ ದಿನ ಆಗಿತ್ತು, ಸ್ವೀಟ್ ಅಂಗಡಿಗಳಲ್ಲಿ ಇನ್ನೂ ರಾಶಿ. ಕಾಂಗರೂ ಟೋಪಿ ಹಾಕಿಕೊಂಡ ಯಜಮಾನರು ಮಸಾಲೆ ದೋಸೆಯನ್ನು ಚಾಕುವಿನಿಂದ ಕತ್ತರಿಸುತ್ತಾ ಆಟದ ತಪ್ಪುಗಳನ್ನು ವಿವರಿಸಿದ್ದು ನನಗೆ ಟ್ರೈಗಳಿಗಿಂತ ಚೆನ್ನಾಗಿ ನೆನಪಿದೆ.

ಆ ರಾತ್ರಿಯೇ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಕ್ಟೋಬರ್‌ನ ಕೊನೇ ಭಾನುವಾರ. ಫೋನು ತಾನೇ ಸರಿಮಾಡಿಕೊಳ್ಳುತ್ತದೆ. ಯಜಮಾನರ ಕೈಗಡಿಯಾರ ಮಾಡಿಕೊಳ್ಳಲಿಲ್ಲ. ತಿಂಡಿ ಮುಗಿದುಹೋಗುತ್ತೆ ಅಂತ ಐದೂವರೆಗೇ ಬಾಗಿಲು ಬಡಿದರು. ಮನೆಯವರಿಗೂ ಹೇಳಿಡಿ: ಸಿಡ್ನಿಗೆ ಹತ್ತು ಗಂಟೆ ಇದ್ದ ಅಂತರ ಅವತ್ತಿನಿಂದ ಹನ್ನೊಂದು, ಬೆಂಗಳೂರಿಗೆ ನಾಲ್ಕೂವರೆ ಇದ್ದದ್ದು ಐದೂವರೆ.

ಲಿವರ್‌ಪೂಲ್‌ನ ಸ್ಟೇಡಿಯಂ ಹೊಸದು, ಎವರ್ಟನ್ ಫುಟ್‌ಬಾಲ್ ಕ್ಲಬ್‌ನದು, ಹಳೇ ಹಡಗುಕಟ್ಟೆಯ ಮೇಲೆ ಕಟ್ಟಿದ್ದಾರೆ. ಹತ್ತಿರದ ಸ್ಟೇಷನ್ ಸ್ಯಾಂಡ್‌ಹಿಲ್ಸ್. ಊರಿನ ಮಧ್ಯದಿಂದ ನಡೆದೇ ಹೋಗಿ ಅನ್ನುತ್ತೇನೆ, ಮುಕ್ಕಾಲು ಗಂಟೆ. ದಾರಿಯಲ್ಲಿ ಸ್ಟ್ಯಾನ್ಲಿ ಡಾಕ್‌ನ ತಂಬಾಕು ಗೋದಾಮು ಸಿಗುತ್ತದೆ, ಇಟ್ಟಿಗೆಯಲ್ಲಿ ಬೆಟ್ಟ ಕಟ್ಟಿದ ಹಾಗಿದೆ. ನದಿ ಗಾಳಿ ಮಾತ್ರ ಮೂಳೆಗೆ ಇಳಿಯುತ್ತದೆ, ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಅಲ್ಲೂ ಆಸ್ಟ್ರೇಲಿಯಾಕ್ಕೇ, 14-4. ಮೂರರಲ್ಲಿ ಎರಡು ಗೆದ್ದಾಯಿತು, ಸರಣಿ ಅಲ್ಲಿಗೇ ತೀರ್ಮಾನವಾಯಿತು.

ಸರಣಿ ತೀರ್ಮಾನವಾದಮೇಲೆ, ಮೂರನೇ ಟೆಸ್ಟ್‌ವರೆಗೆ ಇನ್ನೊಂದು ವಾರ ಏನು ಮಾಡುವುದು? ಹಳೇ ಟೂರ್‌ಗಳಲ್ಲಿ ವಾರದ ನಡುವೆ ವಿಗನ್, ಸೇಂಟ್ ಹೆಲೆನ್ಸ್ ತರದ ಕ್ಲಬ್‌ಗಳ ಜೊತೆಗೂ ಆಡುತ್ತಿದ್ದರು. ಈಗ ಬರೀ ಮೂರು ಟೆಸ್ಟ್. ಯಜಮಾನರಿಗೆ ಇದರ ಮೇಲೆ ಬಹಳ ಸಿಟ್ಟು, ನನಗೂ ಅವರ ಮಾತು ಸರಿ ಅನ್ನಿಸಿತು. ಪ್ಯಾಕೇಜ್‌ನವರು ಕೆಲವರು ಪ್ಯಾರಿಸ್‌ಗೆ ಹೋದರು. ನಾವು ಲೀಡ್ಸ್ ದಾರಿಯಲ್ಲಿ ಹಡರ್ಸ್‌ಫೀಲ್ಡ್‌ನಲ್ಲಿ ಇಳಿದೆವು.

ದಯವಿಟ್ಟು ನೀವೂ ಇಳಿಯಿರಿ. ಸ್ಟೇಷನ್ ಹೊರಗೆ ಬಂದರೆ ದೊಡ್ಡ ಚೌಕ. ಅದರ ಒಂದು ಮೂಲೆಯಲ್ಲಿ ಜಾರ್ಜ್ ಹೋಟೆಲ್. 1895ರ ಆಗಸ್ಟ್ 29ರಂದು ಈ ಕಟ್ಟಡದಲ್ಲೇ ಉತ್ತರದ ಕ್ಲಬ್‌ಗಳು ಸಭೆ ಸೇರಿ ರಗ್ಬಿ ಯೂನಿಯನ್‌ನಿಂದ ಬೇರೆಯಾದವು. ಜಗಳ ಸಂಬಳದ್ದು. ಆಡುವವರು ಗಣಿ, ಗಿರಣಿಯ ಕೂಲಿಗಳು. ಶನಿವಾರವೂ ಕೆಲಸ. ಆಟಕ್ಕೆ ಬಂದರೆ ಆ ದಿನದ ಕೂಲಿ ಹೋಯಿತು. ಅದನ್ನು ತುಂಬಿಕೊಡಿ ಅಂತ ಇವರು, ದುಡ್ಡು ಮುಟ್ಟಿದರೆ ಆಟ ಮೈಲಿಗೆ ಅಂತ ದಕ್ಷಿಣದ ದೊಡ್ಡವರು. ಹೋಟೆಲ್ ಮುಚ್ಚಿ ಬಹಳ ವರ್ಷ ಆಗಿತ್ತು, ನಾವು ಹೋದಾಗ ದುರಸ್ತಿ ಮಾಡಿಸುತ್ತಿದ್ದರು. ನೋಡಲು ಅಂಥದ್ದೇನೂ ಇರಲಿಲ್ಲ. ಯಜಮಾನರು ಗ್ಲೌಸ್ ಬಿಚ್ಚಿ ಗೋಡೆಯ ಕಲ್ಲನ್ನು ಮುಟ್ಟಿದರು. ಅವರ ಅಪ್ಪನೂ ಕಲ್ಲಿದ್ದಲು ಗಣಿಯಲ್ಲಿದ್ದವರು ಅಂತ ನನಗೆ ಗೊತ್ತಾಗಿದ್ದು ಆಗಲೇ. ಹನ್ನೊಂದು ವರ್ಷ ಪಕ್ಕದ ಮನೆಯಲ್ಲಿದ್ದೂ ಕೇಳಿರಲಿಲ್ಲ.

ಊಟದ ವಿಷಯ ಇಲ್ಲೇ ಹೇಳಬೇಕು, ಏಕೆಂದರೆ ಹಡರ್ಸ್‌ಫೀಲ್ಡ್, ಲೀಡ್ಸ್ ಇರುವ ಯಾರ್ಕ್‌ಶೈರ್‌ನಲ್ಲಿ ಸಸ್ಯಾಹಾರಿಗಳು ಮೋಸ ಹೋಗುವುದು ಚಿಪ್ಸ್‌ನಲ್ಲಿ. ಬರೀ ಆಲೂಗಡ್ಡೆ ತಾನೇ ಅಂದುಕೊಂಡು ತಿನ್ನುತ್ತೇವೆ. ಅಲ್ಲಿನ ಹಳೇ ಅಂಗಡಿಗಳಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ. ಅದೇ ರುಚಿ ಅಂತ ಅವರಿಗೆ ಹೆಮ್ಮೆ ಬೇರೆ. "ವೆಜಿಟೇಬಲ್ ಆಯಿಲ್ಲಾ?" ಅಂತ ಮೊದಲೇ ಕೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಲೀಡ್ಸ್‌ನಲ್ಲಿ ನಾನು ಚೀಸ್-ಈರುಳ್ಳಿ ಪೈ ಮೇಲೆ ಬದುಕಿದೆ. ಜೊತೆಗೆ ಚಟ್ನಿಪುಡಿ ಇತ್ತು. ಬಟಾಣಿ ಬೇಯಿಸಿ ಹಿಸುಕಿದ ಮಷಿ ಪೀಸ್‌ಗೆ ಚಟ್ನಿಪುಡಿ ಉದುರಿಸಿ ನೋಡಿ, ತಿನ್ನಬಹುದು.

ಹೆಡಿಂಗ್ಲಿ ನಮಗೆ ಹೊಸ ಹೆಸರಲ್ಲ. 2002ರಲ್ಲಿ ದ್ರಾವಿಡ್ 148 ಹೊಡೆದದ್ದು ಇಲ್ಲಿ. 2025ರ ಜೂನ್‌ನಲ್ಲಿ ಕೆ.ಎಲ್. ರಾಹುಲ್ 137 ಹೊಡೆದರೂ ಇಂಗ್ಲೆಂಡ್ 371 ಬೆನ್ನಟ್ಟಿ ಗೆದ್ದದ್ದೂ ಇಲ್ಲೇ. ಆದರೆ ಕ್ರಿಕೆಟ್ ಮೈದಾನಕ್ಕೂ ರಗ್ಬಿ ಮೈದಾನಕ್ಕೂ ನಡುವೆ ಬೆನ್ನಿಗೆ ಬೆನ್ನು ಕೊಟ್ಟ ಒಂದೇ ಸ್ಟ್ಯಾಂಡ್ ಅಂತ ನನಗೆ ಗೊತ್ತಿರಲಿಲ್ಲ. ಅರ್ಧ ಜನ ಈ ಕಡೆ ಮುಖ, ಇನ್ನರ್ಧ ಆ ಕಡೆ ಮುಖ.

ನವೆಂಬರ್ 8ಕ್ಕೆ ಮೂರನೇ ಟೆಸ್ಟ್. ಎರಡೂವರೆಗೆ ಶುರು, ಮುಗಿಯುವಷ್ಟರಲ್ಲಿ ಕತ್ತಲು. ಲೀಡ್ಸ್ ಮಧ್ಯದಿಂದ ನಾಲ್ಕು ಕಿಲೋಮೀಟರ್, ಬಸ್ಸಿದೆ. ಬರುವಾಗ ಜನರ ಜೊತೆ ನಡೆದುಬಿಡಿ, ಬಸ್ಸಿಗಿಂತ ಬೇಗ ತಲುಪುತ್ತೀರಿ. ನಮ್ಮದು ನಿಂತು ನೋಡುವ ಕಡೆಯ ಟಿಕೆಟ್. ಮಂಡಿ ನೋವಿರುವವರು ಸೀಟೇ ತೆಗೆದುಕೊಳ್ಳಿ. ನಿಲ್ಲಬಲ್ಲವರು ಮಾತ್ರ ಇದನ್ನು ಬಿಡಬೇಡಿ, ಟ್ಯಾಕಲ್‌ನಲ್ಲಿ ಮೈಗೆ ಮೈ ಬಡಿಯುವ ಸದ್ದು ಕೇಳುತ್ತದೆ. ವೆಂಬ್ಲಿಯಲ್ಲಿ ಅದು ಕೇಳಿರಲಿಲ್ಲ. 30-8, ಮೂರಕ್ಕೆ ಮೂರೂ ಆಸ್ಟ್ರೇಲಿಯಾಕ್ಕೆ. ಇಂಗ್ಲೆಂಡ್‌ನವರು ಇಷ್ಟು ಸೋತೂ ಮನೆಗೆ ಹೋಗುವ ಆತುರದಲ್ಲಿರಲಿಲ್ಲ.

ನಮ್ಮ ಪಕ್ಕ ನಿಂತಿದ್ದ ಕ್ಯಾಸಲ್‌ಫರ್ಡ್‌ನ ದಂಪತಿ 2026ರ ರಗ್ಬಿ ಲೀಗ್ ವಿಶ್ವಕಪ್‌ಗೆ ಆಸ್ಟ್ರೇಲಿಯಾಕ್ಕೆ ಬರುವವರಿದ್ದರು. ಅಕ್ಟೋಬರ್ 15ರಿಂದ ನವೆಂಬರ್ 15ರವರೆಗೆ, ಫೈನಲ್ ಬ್ರಿಸ್ಬೇನ್‌ನಲ್ಲಿ. ಆ ಹೊತ್ತಿಗೆ ಅಲ್ಲಿ ಬೇಸಿಗೆ ಹತ್ತಿರ, ಉಣ್ಣೆ ಬಟ್ಟೆ ತರಬೇಡಿ, ಟೋಪಿ ತನ್ನಿ ಅಂದೆ. ಸಿಡ್ನಿಯಲ್ಲಿ ನಮ್ಮ ಪ್ಯಾರಮಟ್ಟಾ ಕಡೆ ಬಂದರೆ ಎಲ್ಲಿ ತಿನ್ನುವುದು ಅಂತ ಆ ಹೆಂಗಸು ಕೇಳಿದರು, ಖಾರ ಆಗಲ್ಲ ಅಂತಲೂ ಹೇಳಿದರು. ಅವರ ಮ್ಯಾಚ್ ಪುಸ್ತಕದ ಅಂಚಿನಲ್ಲಿ ಹ್ಯಾರಿಸ್ ಪಾರ್ಕ್ ಸ್ಟೇಷನ್, ವಿಗ್ರಮ್ ಸ್ಟ್ರೀಟ್ ಅಂತ ಬರೆದು, ಕೆಳಗೆ ದೋಸೆ, ಚಟ್ನಿ ಬೇರೆ ಬಟ್ಟಲಲ್ಲಿ ಕೊಡಿ ಅನ್ನಿ ಅಂತ ಸೇರಿಸಿದೆ. ಗಂಡ ಅದನ್ನು ಬಗ್ಗಿ ಓದಿ, "ದೋಸೆಗೆ ಯಾವ ಎಣ್ಣೆ?" ಅಂತ ಕೇಳಿದರು.