ಮೊಲದ ಹುಲ್ಲು ಮನೆಯಲ್ಲೇ ಬೆಳೆಯಬಹುದಲ್ವಾ?

"ಹುಲ್ಲಿಗೂ ದುಡ್ಡು ಕೊಡ್ತೀಯೇನಮ್ಮ?" ಅಂತ ಊರಿಂದ ಬಂದಿದ್ದ ದೊಡ್ಡಪ್ಪ ಕೇಳಿದ್ದರು. ಮೊಲ ಸಾಕಿರುವ ಗೆಳತಿಯರು ಸುತ್ತಿ ಬಳಸಿ ಕೇಳುವುದೂ ಇದನ್ನೇ. ಆನ್‌ಲೈನಲ್ಲಿ ತರಿಸುವ ಟಿಮೊಥಿ ಅನ್ನೋ ಒಣಹುಲ್ಲು ದುಬಾರಿ, ಟೆರೇಸಲ್ಲಿ ಜಾಗ ಖಾಲಿ ಇದೆ, ನಾವೇ ಬೆಳೆದುಕೊಂಡರೆ ಆಗಲ್ವಾ?

ಆಗುತ್ತೆ. ಆದರೆ ಪೂರ್ತಿ ಆಗಲ್ಲ.

ನಮ್ಮ ಚಿನ್ನಿ 2 ಕಿಲೋ ತೂಗುತ್ತಾಳೆ, ದಿನಕ್ಕೆ ಹತ್ತಿರ ಹತ್ತಿರ 100 ಗ್ರಾಂ ಒಣಹುಲ್ಲು ಬೇಕು, ಅಂದರೆ ತಿಂಗಳಿಗೆ 3 ಕಿಲೋ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುವುದರಿಂದ, ಅಷ್ಟು ಒಣಹುಲ್ಲಿಗೆ 12 ಕಿಲೋಗೂ ಮೀರಿ ಕೊಯ್ಯಬೇಕು. ಪ್ರತಿ ತಿಂಗಳೂ! ನಾನು ಆರು ಗ್ರೋ ಬ್ಯಾಗಲ್ಲಿ ಗೋಧಿ ಹಾಕಿ, ಕಾದು ಕಾದು ಕೊಯ್ದಾಗ ಸಿಕ್ಕಿದ್ದು ಒಂದೂಕಾಲು ಕಿಲೋ. ಒಣಗಿದ ಮೇಲೆ 300 ಗ್ರಾಂ. ಮೂರು ದಿನದ ಊಟ.

ಹಾಗಂತ ಹುಲ್ಲು ಕಡಿಮೆ ಮಾಡಿ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ) ಸುರಿಯುವಂತಿಲ್ಲ. ಮೊಲದ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತೆ, ಉದ್ದನೆಯ ಹುಲ್ಲು ಅಗಿದರೇ ಅದು ಸವೆಯುವುದು. ಕರುಳು ಓಡುವುದಕ್ಕೂ ನಾರು ಬೇಕು.

ಟಿಮೊಥಿ ಬೀಜ ತರಿಸಲೇಬೇಡಿ. ಅದು ಚಳಿ ದೇಶದ ಹುಲ್ಲು. ನಾನು ತರಿಸಿ ಹಾಕಿದ್ದು ಚಳಿಗಾಲದಲ್ಲಿ ಚೆನ್ನಾಗಿಯೇ ಮೊಳೆತು, ಏಪ್ರಿಲ್ ಬಿಸಿಲಿಗೆ ಸುಟ್ಟುಹೋಯಿತು. ನಮಗೆ ಗರಿಕೆ ಇದೆಯಲ್ಲ! ಗಣೇಶನಿಗೆ ಏರಿಸುವ ಅದೇ ಗರಿಕೆ. ಒಂದು ತುಂಡು ನೆಟ್ಟರೆ ಸಾಕು, ಬೇಡ ಅಂದರೂ ಹಬ್ಬುತ್ತೆ. ರಸ್ತೆ ಬದಿಯದ್ದು ಮಾತ್ರ ಕಿತ್ತು ತರಬೇಡಿ, ಅಲ್ಲಿ ನಾಯಿಗಳು ಏನು ಮಾಡಿರುತ್ತವೆ ಅಂತ ನಿಮಗೂ ಗೊತ್ತು. ಗೋಧಿ ದಿನಸಿ ಅಂಗಡಿಯದ್ದೇ ಸಾಕು, ಒಂದು ರಾತ್ರಿ ನೆನೆಸಿ ಒತ್ತಾಗಿ ಚೆಲ್ಲಿ. ಬೀಜದಂಗಡಿಯಲ್ಲಿ ಸಿಗುವ ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಹಾಕಿರುತ್ತಾರೆ, ಬೇಡ. ಅಡುಗೆಮನೆಯ ಓಟ್ಸ್ ಬಿತ್ತಿದ ಗೆಳತಿಯೂ ಒಬ್ಬಳಿದ್ದಾಳೆ. ಆವಿಯಲ್ಲಿ ಬೇಯಿಸಿ ಚಪ್ಪಟೆ ಮಾಡಿದ್ದು ಎಲ್ಲಿಂದ ಮೊಳೆಯಬೇಕು, ಪಾಪ. ಜೋಳ ಬೇಡವೇ ಬೇಡ. ಎಳೆ ಜೋಳದ ಪೈರಲ್ಲಿ ವಿಷ ಇರುತ್ತೆ, ಅದನ್ನು ಮೇಯ್ದು ದನಗಳೇ ಸಾಯುತ್ತವೆ.

ಯಾವಾಗ ಕೊಯ್ಯಬೇಕು? ಹತ್ತು ದಿನದ ಗೋಧಿ ಹುಲ್ಲು ನೋಡೋಕೆ ಚೆಂದ, ಆದರೆ ಬರೀ ನೀರು, ನಾರಿಲ್ಲ. ಒಂದೇ ಸಲ ಜಾಸ್ತಿ ಕೊಟ್ಟರೆ ಹೊಟ್ಟೆ ಕೆಡುತ್ತೆ. ಹೊಡೆ ಬರುವ ತನಕ, ಅಂದರೆ ತೆನೆ ಹೊರಬೀಳುವ ಮುಂಚೆ ಕಾಂಡ ಉಬ್ಬುವ ತನಕ ಬಿಡಿ. ತೆನೆ ಬಲಿತರೆ ಅದು ಬರೀ ಕಡ್ಡಿ.

ಎಲ್ಲರೂ ಸೋಲುವುದು ಒಣಗಿಸುವುದರಲ್ಲಿ. ಹಳೇ ಸೀರೆ ಮೇಲೆ ತೆಳ್ಳಗೆ ಹರಡಿ, ಗಾಳಿಯಾಡುವ ನೆರಳಲ್ಲಿ ದಿನಕ್ಕೆರಡು ಸಲ ತಿರುವಿ ಹಾಕಬೇಕು. ಹಿಂಡಿದರೆ ಕರಕರ ಅನ್ನಬೇಕು. ನಾನು ಜುಲೈನಲ್ಲಿ, ಜಡಿಮಳೆ ನಡುವೆ, ಸಾಕು ಒಣಗಿದೆ ಅಂದುಕೊಂಡು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿಟ್ಟೆ. ವಾರ ಬಿಟ್ಟು ಬಿಚ್ಚಿದರೆ ಮುಗ್ಗಲು ವಾಸನೆ, ಒಳಗೆಲ್ಲ ಬೂಷ್ಟು. ಅಷ್ಟೂ ಗೊಬ್ಬರದ ಗುಂಡಿಗೆ ಹೋಯಿತು. ಬೂಷ್ಟು ಹಿಡಿದ ಹುಲ್ಲನ್ನು ಕೊಡವಿ ಕೊಡುವ ಆಸೆ ನಿಮಗೂ ಬರುತ್ತೆ, ಕೊಡಬೇಡಿ.

ಅಂದಿನಿಂದ ನಾನು ಮಳೆಗಾಲದಲ್ಲಿ ಒಣಗಿಸುವ ಉಸಾಬರಿಗೇ ಹೋಗಲ್ಲ. ಕೊಯ್ದಿದ್ದನ್ನು ಹಸಿಯಾಗಿಯೇ ಕೊಡುತ್ತೇನೆ, ದಿನಕ್ಕೊಂದು ಹಿಡಿ. ಗುಡ್ಡೆ ಹಾಕಿಡಲ್ಲ, ರಾಶಿಯಲ್ಲಿ ಬೇಗ ಬಿಸಿಯಾಗಿ ಹುಳಿಯುತ್ತೆ. ಉಳಿದದ್ದು ಕೊಂಡ ಹುಲ್ಲೇ. ಮೊದಲು 3 ಕಿಲೋ ತರಿಸುತ್ತಿದ್ದವಳು ಈಗ 2 ತರಿಸುತ್ತೇನೆ. ದೊಡ್ಡಪ್ಪ ಮುಂದಿನ ಸಲ ಬಂದಾಗ ಒಂದು ಹೊರೆ ರಾಗಿ ಹುಲ್ಲು ಹೊತ್ತು ತಂದಿದ್ದರು. ಚಿನ್ನಿ ಎಲೆ ಎಲ್ಲ ಆರಿಸಿ ತಿಂದು, ಉಳಿದ ಕಡ್ಡಿ ಮೇಲೆ ಮಲಗಿದಳು.