ಚಿಗರಿ ಹತ್ತಿ, ಆದರೆ ನಡುವೆ ಇಳಿಯಿರಿ: ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಒಂದು ದಿನ

ಹುಬ್ಬಳ್ಳಿ ಧಾರವಾಡ ನೋಡೋಕೆ ಬರುವವರು ಸಾಮಾನ್ಯವಾಗಿ ಎರಡು ಊರನ್ನೂ ನೋಡುತ್ತಾರೆ, ನಡುವಿನ ರಸ್ತೆಯನ್ನು ನೋಡುವುದಿಲ್ಲ. ಚಿಗರಿ ಅನ್ನೋ ಎ.ಸಿ. ಬಸ್ಸಿನಲ್ಲಿ ಕೂತು ಮೊಬೈಲ್ ತೆಗೆದರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಯಾವಾಗ ಮುಗಿಯಿತು ಅಂತಲೇ ಗೊತ್ತಾಗಲ್ಲ. ನನ್ನ ಸಲಹೆ ಬೇರೆ. ಒಂದು ಇಡೀ ದಿನ ಇಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲಿ ಹತ್ತಿ, ಎರಡು ಮೂರು ಕಡೆ ಇಳಿದು, ಸಂಜೆ ಹೊತ್ತಿಗೆ ಧಾರವಾಡ ಮುಟ್ಟಿ. ಈ ಎರಡು ಊರು ಒಂದಾಗಿದ್ದು ಈ ರಸ್ತೆಯಿಂದಲೇ. ಅದನ್ನು ಬಿಟ್ಟು ಎರಡು ತುದಿ ಮಾತ್ರ ನೋಡಿದರೆ ಏನು ಬಂತು?

ಹಳಬರ ಬಾಯಲ್ಲಿ ಇದು ಇವತ್ತಿಗೂ ಪಿ.ಬಿ. ರೋಡ್. ಅಂದರೆ ಪೂನಾ–ಬೆಂಗಳೂರು ರಸ್ತೆ. ಪುಣೆಯಿಂದ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಕಿತ್ತೂರು ದಾಟಿ ಧಾರವಾಡಕ್ಕೆ ಬಂದು, ಹುಬ್ಬಳ್ಳಿ ಹಾದು, ಹಾವೇರಿ ದಾವಣಗೆರೆ ಮೇಲೆ ಬೆಂಗಳೂರಿಗೆ ಹೋಗುವ ದಾರಿ. ಸ್ವಾತಂತ್ರ್ಯ ಬಂದ ಮೇಲೆ ರಾಷ್ಟ್ರೀಯ ಹೆದ್ದಾರಿ 4 ಆಯಿತು. 2010ರಲ್ಲಿ ಹೆದ್ದಾರಿ ನಂಬರುಗಳೆಲ್ಲ ಬದಲಾದಾಗ 48 ಆಯಿತು. ಊರೊಳಗಿನ ಅಂಗಡಿ ಬೋರ್ಡುಗಳ ಮೇಲೆ ಮಾತ್ರ ಪಿ.ಬಿ. ರೋಡ್ ಹಾಗೇ ಉಳಿದಿದೆ. ವಿಳಾಸ ಕೇಳುವಾಗ ಅದನ್ನೇ ಹೇಳಿ, ಬೇಗ ತಿಳಿಯುತ್ತದೆ.

ಊರು ಎರಡು, ಸ್ವಭಾವವೂ ಎರಡು. ಧಾರವಾಡ ಬ್ರಿಟಿಷರ ಕಾಲದಿಂದ ಜಿಲ್ಲಾ ಕೇಂದ್ರ. ಕಚೇರಿ, ಕೋರ್ಟು, ಕಾಲೇಜು ಅಲ್ಲಿ. ಹುಬ್ಬಳ್ಳಿ ವ್ಯಾಪಾರದ ಊರು. ಹತ್ತಿಯ ಪೇಟೆ ಇಲ್ಲಿತ್ತು. ರೈಲು ಬರುವ ಮೊದಲು ಈ ಭಾಗದ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದಿತು, ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಆಯಿತು, ಊರು ಬೆಳೆಯುತ್ತಾ ಹೋಯಿತು. ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಬೇರೆ ಬೇರೆ ಪುರಸಭೆ ಆಗಿದ್ದವು. 1962ರಲ್ಲಿ ಎರಡನ್ನೂ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ಇಪ್ಪತ್ತು ಕಿಲೋಮೀಟರ್ ದೂರ ಇರೋ ಊರುಗಳನ್ನು ಹೀಗೆ ಜೋಡಿಸಿದ್ದು ಅಪರೂಪ ಅಲ್ವಾ? ನಡುವಿನ ಉಣಕಲ್, ಭೈರಿದೇವರಕೊಪ್ಪ, ಅಮರಗೋಳ, ರಾಯಾಪುರ, ಸತ್ತೂರು, ನವಲೂರು ಎಲ್ಲ ಹಳ್ಳಿ ಹೋಗಿ ಬಡಾವಣೆ ಆದವು. ಈಗ ಗಾಳಿ ಮತ್ತೆ ತಿರುಗಿದೆ. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಧಾರವಾಡದವರು ಎಷ್ಟೋ ವರ್ಷದಿಂದ ಕೇಳುತ್ತಿದ್ದದ್ದು ಅದನ್ನೇ.

ಇನ್ನು ಪ್ರಯಾಣದ ಮಾತು. ರೈಲಿನಲ್ಲಿ ಬರುವವರು ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ಇಳಿಯುತ್ತೀರಿ. ಇಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದನೆಯದು ಅಂತ ಗಿನ್ನೆಸ್ ಪುಸ್ತಕ ಸೇರಿದೆ. ಫೋಟೋ ತೆಗೆಯೋಕೆ ಚಂದ. ಕೊನೆಯ ಬೋಗಿಯಲ್ಲಿ ಸೀಟ್ ಸಿಕ್ಕವರು ಬ್ಯಾಗ್ ಹೊತ್ತು ನಡೆಯುವಾಗ ಅಷ್ಟೇನೂ ಚಂದ ಅನಿಸಲ್ಲ. ಹೊರಗೆ ಬಂದರೆ ಹತ್ತಿರದಲ್ಲೇ ಬಿಆರ್‌ಟಿಎಸ್ (ಬೇರೆ ಲೇನಿನಲ್ಲಿ ಓಡುವ ಬಸ್ ಸೇವೆ) ನಿಲ್ದಾಣ ಇದೆ. ಆದರೆ ಬಸ್ಸು ಹೊರಡುವುದು ಸಿಬಿಟಿ, ಅಂದರೆ ಹುಬ್ಬಳ್ಳಿಯ ಸಿಟಿ ಬಸ್ ನಿಲ್ದಾಣದಿಂದ. ಬೆಳಿಗ್ಗೆ ಹೊತ್ತಾದರೆ ಸಿಬಿಟಿಗೇ ಹೋಗಿ ಹತ್ತಿ, ಕೂರೋಕೆ ಜಾಗ ಸಿಗುತ್ತದೆ.

ಈ ಬಸ್ಸಿಗೆ ಚಿಗರಿ ಅಂತ ಹೆಸರು. ವಿಶ್ವ ಬ್ಯಾಂಕಿನ ನೆರವಿನಿಂದ ಮಾಡಿದ ಯೋಜನೆ. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕವಾಗಿ ಓಡಿಸೋಕೆ ಶುರು ಮಾಡಿದರು. 2020ರ ಫೆಬ್ರುವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅಧಿಕೃತವಾಗಿ ಉದ್ಘಾಟಿಸಿದರು. ರಸ್ತೆಯ ನಡುವೆ ಇದಕ್ಕೆಂದೇ ಬೇರೆ ಲೇನ್, ನಡುವೆಯೇ ನಿಲ್ದಾಣ. ಹೊಸಬರಿಗೆ ಗೊಂದಲ ಆಗೋದು ಇಲ್ಲೇ. ಬಸ್ಸಿನೊಳಗೆ ಟಿಕೆಟ್ ಕೊಡೋದಿಲ್ಲ. ನಿಲ್ದಾಣದ ಕೌಂಟರ್‌ನಲ್ಲಿ ತಗೊಂಡು, ಗೇಟಿನಲ್ಲಿ ತೋರಿಸಿ ಒಳಗೆ ಹೋಗಬೇಕು. ಟಿಕೆಟ್ ಬಿಸಾಡಬೇಡಿ, ಇಳಿದ ಮೇಲೆ ಹೊರಗೆ ಬರೋಕೂ ಬೇಕು. ಬಾಗಿಲು ಬಲಗಡೆ ತೆರೆಯುತ್ತದೆ, ಪ್ಲಾಟ್‌ಫಾರ್ಮ್‌ಗೂ ಬಸ್ಸಿಗೂ ಮಟ್ಟ ಒಂದೇ. ವಯಸ್ಸಾದವರಿಗೆ ಇದೊಂದು ದೊಡ್ಡ ಅನುಕೂಲ. ಹೆಣ್ಣುಮಕ್ಕಳು ಗಮನಿಸಿ: ಶಕ್ತಿ ಯೋಜನೆ ಎ.ಸಿ. ಬಸ್ಸಿಗೆ ಇಲ್ಲ, ಹಾಗಾಗಿ ಚಿಗರಿಗೆ ದುಡ್ಡು ಕೊಡಲೇಬೇಕು. ಪುಕ್ಕಟೆ ಹೋಗಬೇಕೆಂದರೆ ಪಕ್ಕದ ರಸ್ತೆಯಲ್ಲಿ ಓಡುವ ಸಾರಿಗೆ ಸಂಸ್ಥೆಯ ಸಾದಾ ಬಸ್ಸು ನೋಡಿ.

ಬೋರ್ಡು ನೋಡದೆ ಹತ್ತಬೇಡಿ. ನಡುವೆ ಇಳಿಯುವವರಿಗೆ ಬೇಕಾದದ್ದು ಎಲ್ಲ ಕಡೆ ನಿಲ್ಲುವ ಬಸ್ಸು. ಎಕ್ಸ್‌ಪ್ರೆಸ್ ಹತ್ತಿದರೆ ಉಣಕಲ್ ಕೆರೆ ಕಿಟಕಿಯಲ್ಲಿ ಕಂಡು ಮಾಯ ಆಗುತ್ತದೆ, ಅಷ್ಟೇ. ಪ್ರತಿ ಸಲ ಇಳಿದಾಗ ಮುಂದಿನ ತುಣುಕಿಗೆ ಹೊಸ ಟಿಕೆಟ್ ಬೇಕು ಅನ್ನೋದೂ ತಲೆಯಲ್ಲಿರಲಿ.

ಚನ್ನಮ್ಮ ಸರ್ಕಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕುದುರೆ ಮೇಲೆ ಕತ್ತಿ ಹಿಡಿದ ರಾಣಿ ಚನ್ನಮ್ಮನ ಪ್ರತಿಮೆ ಇರುವ ಜಾಗ. ಕಾರವಾರ, ಗದಗ, ಪುಣೆ, ಬೆಂಗಳೂರು ಕಡೆಯ ರಸ್ತೆಗಳೆಲ್ಲ ಇಲ್ಲೇ ಕೂಡುತ್ತವೆ. ಅದರ ಮೇಲೆ ಫ್ಲೈಓವರ್ ಕೆಲಸ ಬೇರೆ ಹಿಡಿದರು. ಕಾರಿನಲ್ಲಿ ಬರುವವರು ಈ ಭಾಗಕ್ಕೆ ಜಾಸ್ತಿ ಹೊತ್ತು ಇಟ್ಟುಕೊಳ್ಳಿ, ತಾಳ್ಮೆಯನ್ನೂ ಇಟ್ಟುಕೊಳ್ಳಿ. ಹೊಸೂರು ದಾಟಿದ ಮೇಲೆ ರಸ್ತೆ ಬಿಚ್ಚಿಕೊಳ್ಳುತ್ತದೆ. ಕಿಮ್ಸ್ ಆಸ್ಪತ್ರೆ, 1957ರಲ್ಲಿ ಮೆಡಿಕಲ್ ಕಾಲೇಜಾಗಿ ಶುರುವಾದದ್ದು. ಆಮೇಲೆ ವಿದ್ಯಾನಗರ, ಬಿವಿಬಿ ಎಂಜಿನಿಯರಿಂಗ್ ಕಾಲೇಜು. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ ತನಕ ಮತ್ತು ಸಂಜೆ ಐದರ ಮೇಲೆ ಇಲ್ಲಿ ವಿದ್ಯಾರ್ಥಿಗಳು ಬಸ್ಸು ತುಂಬಿಕೊಳ್ಳುತ್ತಾರೆ. ಆ ಹೊತ್ತು ಬಿಟ್ಟು ಹೊರಡಿ.

ಮೊದಲ ಇಳಿತ ಉಣಕಲ್. ತಪ್ಪಿಸಲೇಬೇಡಿ. ಎಲ್ಲರೂ ಕೆರೆಗೆ ಹೋಗುತ್ತಾರೆ, ಕೆರೆಯೂ ಚೆನ್ನಾಗಿದೆ, ನಡುವೆ ವಿವೇಕಾನಂದರ ಪ್ರತಿಮೆ ಇದೆ. ಆದರೆ ಅದಕ್ಕೂ ಮೊದಲು ಊರೊಳಗೆ ಹೋಗಿ ಚಂದ್ರಮೌಳೇಶ್ವರ ಗುಡಿ ನೋಡಿ. ದೊಡ್ಡ ರಸ್ತೆಯಿಂದ ಗುಡಿ ಕಾಣುವುದಿಲ್ಲ. ಓಣಿಯಲ್ಲಿ ದಾರಿ ಕೇಳಿದರೆ ಕಟ್ಟೆ ಮೇಲೆ ಕೂತ ಅಜ್ಜ, "ಸೀದಾ ಹೋಗ್ರಿ, ಇಲ್ಲೇ ಐತಲ್ರಿ" ಅಂದರು. ಆ 'ಇಲ್ಲೇ' ಸ್ವಲ್ಪ ದೂರವೇ ಇತ್ತು.

ಕಲ್ಯಾಣ ಚಾಲುಕ್ಯರ ಕಾಲದ ಗುಡಿ, ಹನ್ನೊಂದು ಹನ್ನೆರಡನೇ ಶತಮಾನದ ಕೆಲಸ. ಮನೆಗಳು ಸುತ್ತಲೂ ಒತ್ತಿಕೊಂಡು ಬಂದಿವೆ. ಒಂದು ಕಡೆ ಮಾಳಿಗೆ ಮೇಲೆ ಸೀರೆ ಒಣಗುತ್ತಿರುತ್ತದೆ, ಕೆಳಗೆ ಒಂಬೈನೂರು ವರ್ಷದ ಕಲ್ಲು. ಗರ್ಭಗುಡಿಗೆ ನಾಲ್ಕೂ ದಿಕ್ಕಿಗೆ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಸಾಮಾನ್ಯವಾಗಿ ಗುಡಿಗೆ ಒಂದು ಎದುರು ಅಂತ ಇರುತ್ತದೆ. ಇಲ್ಲಿ ಎಲ್ಲಿ ನಿಂತರೂ ಎದುರೇ. ಕಂಬಗಳ ಹತ್ತಿರ ಹೋಗಿ ನೋಡಿ. ತಿರುಗಣಿಯಲ್ಲಿ ಕಡೆದ ಕಂಬ, ಸುತ್ತ ಉಂಗುರ ಉಂಗುರವಾಗಿ ಗೆರೆ. ಕೈಯಾಡಿಸಿದರೆ ಗೆರೆಯ ಅಂಚು ಇನ್ನೂ ಚೂಪಾಗಿ ತಾಗುತ್ತದೆ. ಬಾಗಿಲ ಪಕ್ಕದ ಜಾಲಂಧ್ರಗಳಿಂದ (ತೂತು ಕೊರೆದ ಕಲ್ಲಿನ ಕಿಟಕಿಗಳಿಂದ) ಒಳಗೆ ಬೀಳುವ ಬೆಳಕು ಬೆಳಗಿನ ಹೊತ್ತಲ್ಲೇ ಚೆನ್ನ. ಪುರಾತತ್ವ ಇಲಾಖೆ ಕಾಯುವ ಸ್ಮಾರಕ ಇದು, ಜನ ಮಾತ್ರ ಕಡಿಮೆ. ಬಾದಾಮಿ ಪಟ್ಟದಕಲ್ಲಿಗೆ ಹೋಗೋ ದಾರಿಯಲ್ಲಿ ಹುಬ್ಬಳ್ಳಿಯಲ್ಲಿ ಉಳಿಯುವವರು ಎಷ್ಟೋ ಜನ. ಅವರಲ್ಲಿ ಹತ್ತರಲ್ಲಿ ಒಬ್ಬರೂ ಇಲ್ಲಿಗೆ ಬರುವುದಿಲ್ಲ ಅಂತ ನನ್ನ ಅಂದಾಜು.

ಉಣಕಲ್ಲಿಗೆ ಇನ್ನೊಂದು ನಂಟಿದೆ. ಕಲ್ಯಾಣದಲ್ಲಿ ಗಲಾಟೆಯಾದ ಮೇಲೆ ಚನ್ನಬಸವಣ್ಣ ಮತ್ತು ಶರಣರು ಉಳವಿಗೆ ಹೋಗುವಾಗ ಇಲ್ಲಿ ತಂಗಿದ್ದರು ಅಂತ ಜನ ಹೇಳುತ್ತಾರೆ. ಊರಲ್ಲಿ ಚನ್ನಬಸವೇಶ್ವರ ಗುಡಿಯೂ ಇದೆ. ಅಂದರೆ ದಾರಿಹೋಕರಿಗೆ ಈ ಊರು ಹೊಸದಲ್ಲ.

ಉಣಕಲ್ಲಿನಿಂದ ನವಲೂರಿನ ತನಕ ಬಸ್ಸಿನಲ್ಲೇ ಕೂತಿರಿ. ಎಪಿಎಂಸಿ, ನವನಗರ, ಇಸ್ಕಾನ್ ಗುಡಿ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಒಂದಾದ ಮೇಲೊಂದು ಹಾದು ಹೋಗುತ್ತವೆ. ಅಮರಗೋಳದಲ್ಲಿ ಚಾಲುಕ್ಯರ ಕಾಲದ ಬನಶಂಕರಿ ಮತ್ತು ಶಂಕರಲಿಂಗ ಗುಡಿಗಳಿವೆ. ಶಿಲ್ಪದ ಆಸಕ್ತಿ ಇದ್ದವರು ಇಳಿಯಬಹುದು. ಮಕ್ಕಳು ಜೊತೆಗಿದ್ದರೆ ಬೇಡ, ಒಂದೇ ದಿನ ಅಷ್ಟೊಂದು ಗುಡಿ ಅವರಿಗೆ ಜಾಸ್ತಿ ಆಗುತ್ತದೆ.

ಈ ಭಾಗದಲ್ಲಿ ಹಿಂದೆ ಎರಡೂ ಕಡೆ ದೊಡ್ಡ ದೊಡ್ಡ ಮರಗಳಿದ್ದವು. ಬಿಆರ್‌ಟಿಎಸ್‌ಗೆ ರಸ್ತೆ ಅಗಲ ಮಾಡುವಾಗ ಹೋದವು. ಲೇನ್ ಬಂದದ್ದು ಒಳ್ಳೆಯದೇ ಆಯಿತು ಅನ್ನುವವನು ನಾನು. ಆದರೂ ಏಪ್ರಿಲ್ ಬಿಸಿಲಲ್ಲಿ ರಸ್ತೆ ದಾಟೋಕೆ ನಿಂತಾಗ ಆ ನೆರಳು ನೆನಪಾಗದೇ ಇರಲ್ಲ. ಟೋಪಿ, ನೀರು ಇಟ್ಟುಕೊಳ್ಳಿ. ದಾಟುವಾಗ ಸಿಗ್ನಲ್ ಇರುವ ಕಡೆಯೇ ದಾಟಿ. ಚಿಗರಿ ಬರೋ ವೇಗ ಬೇರೆ, ಬೇಲಿ ಹಾರುವ ಸಾಹಸ ಬೇಡ.

ನವಲೂರು ಅಂದರೆ ಪೇರಲ. ಹಂಗಾಮಿನಲ್ಲಿ ರಸ್ತೆ ಪಕ್ಕ ಬುಟ್ಟಿ ಇಟ್ಟುಕೊಂಡು ಹೆಣ್ಣುಮಕ್ಕಳು ಕೂತಿರುತ್ತಾರೆ. "ಇವತ್ತ ತಿಂತೀರೋ ನಾಳಿಗೆ ಒಯ್ತೀರೋ?" ಅಂತ ಮೊದಲೇ ಕೇಳುತ್ತಾರೆ, ಅದರ ಪ್ರಕಾರ ಹಣ್ಣೋ ದೋರೆಗಾಯೋ ಆರಿಸಿ ಕೊಡುತ್ತಾರೆ. ಅಲ್ಲೇ ತಿನ್ನುವವರಿಗೆ ಸೀಳಿ ಉಪ್ಪು ಖಾರ ಹಚ್ಚಿ ಕೊಡುತ್ತಾರೆ. ದರದಲ್ಲಿ ಚೌಕಾಸಿ ಮಾಡೋಕೆ ಹೋಗಬೇಡಿ, ನಗರದ ದರದ ಮುಂದೆ ಅದೇನೂ ಅಲ್ಲ.

ಮುಂದೆ ಗಾಂಧಿನಗರ, ವಿದ್ಯಾಗಿರಿ, ಟೋಲ್ ನಾಕಾ. ಮಳೆಗಾಲದಲ್ಲಿ ಬರುವವರಿಗೆ ಒಂದು ಮಾತು: ಜೋರು ಮಳೆ ಬಿದ್ದರೆ ಟೋಲ್ ನಾಕಾ ಸುತ್ತಮುತ್ತ ರಸ್ತೆಯಲ್ಲೇ ನೀರು ನಿಲ್ಲುತ್ತದೆ. ಬಸ್ಸಿನ ಲೇನ್ ಕೂಡ ತಪ್ಪುವುದಿಲ್ಲ. ಹುಬ್ಬಳ್ಳಿಯಲ್ಲಿ ಸಂಜೆ ರೈಲು ಹಿಡಿಯಬೇಕಾದವರು ಅಂಥ ದಿನ ರಸ್ತೆ ನಂಬಿ ಕೂರಬೇಡಿ. ಧಾರವಾಡದಿಂದಲೇ ರೈಲು ಹತ್ತಿ. 2023ರ ಜೂನ್‌ನಿಂದ ಬೆಂಗಳೂರಿನ ವಂದೇ ಭಾರತ್ ಕೂಡ ಧಾರವಾಡದ ತನಕ ಬರುತ್ತದೆ.

ಸ್ವಂತ ಗಾಡಿಯವರಿಗೆ ಬೈಪಾಸ್ ಬಗ್ಗೆ ಹೇಳಬೇಕು. ಗಬ್ಬೂರಿನಿಂದ ನರೇಂದ್ರದ ತನಕ ಸುಮಾರು 30 ಕಿ.ಮೀ. ಎರಡೂ ಊರನ್ನು ಬಳಸಿ ಹೋಗುವ ರಸ್ತೆ. ಮುಂಬೈ–ಬೆಂಗಳೂರು ಹೆದ್ದಾರಿಯ ಲಾರಿಗಳೆಲ್ಲ ಅದರಲ್ಲೇ ಓಡುತ್ತವೆ. ಅತ್ತ ಇತ್ತ ಹೆದ್ದಾರಿ ಅಗಲವಾಗಿದ್ದರೂ ಈ ತುಣುಕು ಮಾತ್ರ ವರ್ಷಗಟ್ಟಲೆ ಎರಡೇ ಲೇನಿನದಾಗಿತ್ತು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಗಾಡಿಗೆ ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅದಾದ ಮೇಲೆಯೇ ಆರು ಲೇನ್ ಮಾಡುವ ಕೆಲಸಕ್ಕೆ ಜೀವ ಬಂದದ್ದು. ಊರು ನೋಡೋಕೆ ಬಂದವರಿಗೆ ಬೈಪಾಸಿನಿಂದ ಏನೂ ಲಾಭವಿಲ್ಲ. ಹಳೇ ರಸ್ತೆಯಲ್ಲೇ ಬನ್ನಿ. ಬಿಆರ್‌ಟಿಎಸ್ ಲೇನಿಗೆ ಮಾತ್ರ ಗಾಡಿ ಇಳಿಸಬೇಡಿ.

ಧಾರವಾಡದಲ್ಲಿ ಜುಬಿಲಿ ಸರ್ಕಲ್ ಹತ್ತಿರ ಇಳಿದರೆ ಅನುಕೂಲ. ಊಟದ ಹೊತ್ತಾಗಿದ್ದರೆ ಯಾವುದಾದರೂ ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ದೊಡ್ಡ ಬೋರ್ಡಿನ ಹೋಟೆಲಿಗಿಂತ ರೊಟ್ಟಿ ಬಡಿಯುವ ಸಪ್ಪಳ ಹೊರಗೆ ಕೇಳುವ ಕಡೆ ಹೋಗಿ. ಆಮೇಲೆ ಆಟೋ ಹಿಡಿದು ಲೈನ್ ಬಜಾರ್. ದರ ಮೊದಲೇ ಮಾತಾಡಿಕೊಳ್ಳಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು ಶುರು ಮಾಡಿದ ಪೇಡೆ ಅಂಗಡಿ ಇರುವುದು ಇಲ್ಲೇ. ಧಾರವಾಡ ಪೇಡೆಗೆ ಈಗ ಜಿಐ ಮಾನ್ಯತೆಯೂ ಇದೆ. ಖವಾ ಕಂದು ಬಣ್ಣ ಬರೋ ತನಕ ಹುರಿದು, ಮೇಲೆ ಸಕ್ಕರೆ ಹೊರಳಿಸಿರುತ್ತಾರೆ. ಹಲ್ಲಿಗೆ ಮೊದಲು ಸಕ್ಕರೆ ಚರಚರ ಅನ್ನುತ್ತದೆ, ಆಮೇಲೆ ಹುರಿದ ಹಾಲಿನ ವಾಸನೆ. ಸರದಿ ಉದ್ದ ಇರುತ್ತದೆ, ಮಾಲು ಮುಗಿದರೆ ಮುಗಿಯಿತು. ಬಸ್ ನಿಲ್ದಾಣಗಳಲ್ಲಿ ಸಿಗುವ ಎಲ್ಲ ಡಬ್ಬಿಯೂ ಇದೇ ರುಚಿ ಅಂತ ನಂಬಬೇಡಿ.

ಗಿರ್ಮಿಟ್, ಮಿರ್ಚಿ ಭಜಿಗೆ ಮನಸ್ಸಾದರೆ ವಾಪಸ್ ಹುಬ್ಬಳ್ಳಿಗೆ ಬಂದು ಸಂಜೆ ದುರ್ಗದಬೈಲಿಗೆ ಹೋಗಿ, ಸಿಬಿಟಿಯಿಂದ ನಡೆದು ಹೋಗುವಷ್ಟೇ ದೂರ. ಮರುದಿನವೂ ಬಿಡುವಿದ್ದವರು ಧಾರವಾಡದಲ್ಲೇ ಉಳಿಯುವುದು ಮೇಲು. ಇದೇ ಪಿ.ಬಿ. ರಸ್ತೆಯಲ್ಲಿ ಮುಂದೆ ಮೂವತ್ತು ಕಿಲೋಮೀಟರ್ ಹೋದರೆ ಕಿತ್ತೂರು. ಚನ್ನಮ್ಮನ ಕೋಟೆ, ಅರಮನೆಯ ಪಾಳು ಗೋಡೆಗಳು, ಒಂದು ಮ್ಯೂಸಿಯಂ ಅಲ್ಲಿವೆ. ಚಿಗರಿ ಅಷ್ಟು ದೂರ ಹೋಗುವುದಿಲ್ಲ. ಹೊಸ ಬಸ್ ನಿಲ್ದಾಣದಿಂದ ಬೆಳಗಾವಿ ಬಸ್ಸು ಹಿಡಿಯಬೇಕು. ತಡೆರಹಿತ ಬಸ್ಸುಗಳು ಕಿತ್ತೂರನ್ನು ದಾಟಿ ಹೋಗಿಬಿಡುತ್ತವೆ. ಹತ್ತುವ ಮೊದಲು ಕಂಡಕ್ಟರರನ್ನು "ಕಿತ್ತೂರಿಗೆ ನಿಲ್ತೈತೇನ್ರಿ?" ಅಂತ ಕೇಳಿಕೊಳ್ಳಿ.