ಗಿರ್ಮಿಟ್ ಶನಿವಾರ ಮಾತ್ರ

"ಯಾವಾಗ ನೋಡಿದ್ರೂ ನಗಕೋತ ಇರ್ತೀರಲ್ರೀ, ಅದು ಹೆಂಗ್ರೀ?"

ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಓಡಾಡುವ ನನಗೆ ಬಸ್ಸಿನ ಗೆಳೆಯರು ಕೇಳುವ ಪ್ರಶ್ನೆ ಇದು. ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ನನ್ನ ಸಿಡುಕು ಮುಖ ನೋಡಿದವರು ಯಾರೂ ಇದನ್ನು ಕೇಳುವುದಿಲ್ಲ.

ಆದರೂ ನನಗೆ ತಿಳಿದದ್ದು ಒಂದಿದೆ. ಖುಷಿ ಬೇಗ ಹಳತಾಗುತ್ತದೆ. 2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಶುರುವಾದದ್ದು ನೆನಪಿದೆಯಾ? ಎಸಿ ಬಸ್ಸು, ಅದಕ್ಕೇ ಬೇರೆ ದಾರಿ, ತಾನಾಗೇ ತೆರೆಯುವ ಬಾಗಿಲು. ಏನೂ ಕೆಲಸವಿಲ್ಲದಿದ್ದರೂ ಅವ್ವನನ್ನು ಕರೆದುಕೊಂಡು ಸುಮ್ನೆ ಹುಬ್ಬಳ್ಳಿಗೆ ಹೋಗಿ ಬಂದೆ. ಈಗ ಅದೇ ಬಸ್ಸಿಗೆ ಮೂರು ನಿಮಿಷ ಕಾಯಬೇಕಾದರೆ ವಾಚು ನೋಡಿಕೊಳ್ಳುತ್ತೇನೆ.

ಅಮೆರಿಕದಲ್ಲಿ ಮೂವರು ಸಂಶೋಧಕರು ದೊಡ್ಡ ಲಾಟರಿ ಹೊಡೆದ 22 ಜನರನ್ನು ಮಾತನಾಡಿಸಿ 1978ರಲ್ಲಿ ಒಂದು ವರದಿ ಬರೆದರು. ಲಾಟರಿ ಹೊಡೆದವರು ಉಳಿದವರಿಗಿಂತ ಅಂಥಾ ಜಾಸ್ತಿ ಖುಷಿಯಲ್ಲೇನೂ ಇರಲಿಲ್ಲವಂತೆ. ಅಷ್ಟೇ ಅಲ್ಲ, ಬೆಳಗಿನ ತಿಂಡಿ, ಗೆಳೆಯರ ಜೊತೆ ಹರಟೆಯಂಥ ಸಣ್ಣಪುಟ್ಟವು ಅವರಿಗೆ ಕಡಿಮೆ ರುಚಿಸುತ್ತಿದ್ದವು. 22 ಜನ ಅಂದರೆ ಸಣ್ಣ ಲೆಕ್ಕ, ನಿಜ. ಆದರೆ ನನ್ನ ಚಿಗರಿ ಕಥೆಯೂ ಅದೇ ಅಲ್ವಾ?

ಅದಕ್ಕೇ ಗಿರ್ಮಿಟ್ಟನ್ನು ಶನಿವಾರಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಹುಣಸೆಹುಳಿ ಹಾಕಿದ ಉಳ್ಳಾಗಡ್ಡಿ ಒಗ್ಗರಣೆಯಲ್ಲಿ ಕಲಸಿದ ಚುರುಮುರಿ, ಪುಟಾಣಿ ಹಿಟ್ಟು, ಮೇಲೆ ಸೇವು, ಕೊತ್ತಂಬರಿ, ಪಕ್ಕಕ್ಕೆ ಬಿಸಿ ಮಿರ್ಚಿ. ವಾರವಿಡೀ ಕಾದಿರುತ್ತೇನಲ್ಲ, ಮೊದಲ ತುತ್ತಿಗೇ ಕಣ್ಣಲ್ಲಿ ನೀರು. ಅರ್ಧ ಖುಷಿಗೆ, ಅರ್ಧ ಮೆಣಸಿನಕಾಯಿಗೆ.

ಇದೆಲ್ಲ ಸಾದಾ ದಿನಗಳ ಮಾತು. ನಾನು ಕೆಲಸ ಕಳೆದುಕೊಂಡ ವರ್ಷ ಗಿರ್ಮಿಟ್ಟೂ ಸಪ್ಪೆಯಾಗಿತ್ತು. ಆಗ ಪಕ್ಕದ ಮನೆಯ ಕಾಕಾ ದಿನಾ ಸಂಜೆ ಬಂದು ನಮ್ಮ ಕಟ್ಟೆ ಮೇಲೆ ಕೂಡುತ್ತಿದ್ದರು. ಒಂದು ಬುದ್ಧಿಮಾತೂ ಹೇಳಲಿಲ್ಲ. "ಚಾ ಆತೇನ್ಪಾ?" ಅನ್ನುವುದು, ಮಳಿ-ಬೆಳಿ ಮಾತಾಡುವುದು, ಎದ್ದು ಹೋಗುವುದು. ನಾಲ್ಕು ತಿಂಗಳು ಹೀಗೇ. ಆರು ಗಂಟೆಗೆ ಗೇಟಿನ ಸಪ್ಪಳ ಕೇಳಿದರೆ ಎದೆ ಸ್ವಲ್ಪ ಹಗುರಾಗುತ್ತಿತ್ತು.

ಈಗ ಕಾಕಾಗೆ ಮೊಣಕಾಲು ನೋವು. ಬಸ್ಸಿಳಿದು ನಾನೇ ಅವರ ಕಟ್ಟೆಗೆ ಹೋಗುತ್ತೇನೆ. ಶನಿವಾರ ಕೈಯಲ್ಲಿ ಗಿರ್ಮಿಟ್ ಪೊಟ್ಟಣ ಇರುತ್ತದೆ. ಮನೆ ಮುಟ್ಟುವಷ್ಟರಲ್ಲಿ ಮೆತ್ತಗಾಗಿರುತ್ತದೆ, ಅವರ ಹಲ್ಲಿಗೆ ಅದೇ ಸರಿ. ಮಿರ್ಚಿ ಬೇಡವೆಂದು ಡಾಕ್ಟರು ಹೇಳಿದ್ದಾರೆ. ಕಾಕಾರ ಹೆಂಡತಿ ಕಾಕೂ ಒಳಗೆ ಹೋದಾಗ ಒಂದು ದಾಟಿಸುತ್ತೇನೆ.